1938ರ ಅಮೆರಿಕನ್ ನಾಣ್ಯಗಳು: 14ರ ಸೆಟ್ ಪೂರ್ತಿ ಮಾಡುವ ಕ್ರಮ

ಒಂದೇ ವರ್ಷದ ಅಮೆರಿಕನ್ ನಾಣ್ಯಗಳನ್ನು ಕೂಡಿಸಲು ಹೊರಟವರಲ್ಲಿ ಬಹಳ ಮಂದಿ ಹನ್ನೆರಡು, ಹದಿಮೂರರವರೆಗೆ ಬಂದು ನಿಂತುಬಿಡುತ್ತಾರೆ. ನನ್ನ ಬಳಿ ಕೇಳಿಕೊಂಡು ಬಂದವರ ಕಥೆ ಹೆಚ್ಚುಕಮ್ಮಿ ಒಂದೇ. ಅಗ್ಗದವು ಮೊದಲು ಸಿಕ್ಕವು, ಕೊಂಡರು. ಒಂದು ಸವೆದದ್ದು, ಇನ್ನೊಂದು ಫಳಫಳ ಹೊಳೆಯುವುದು, ಮತ್ತೊಂದು ಯಾರೋ ತಿಕ್ಕಿ ತೊಳೆದದ್ದು. ಕೊನೆಗೆ ಉಳಿದ ದುಬಾರಿ ನಾಣ್ಯಕ್ಕೆ ಕೈಯಲ್ಲಿ ಹಣವಿಲ್ಲ. ಇದ್ದರೂ ಅದು ಉಳಿದವಕ್ಕೆ ಹೊಂದುವುದಿಲ್ಲ.

ಹಾಗಾಗಿ ಇಲ್ಲಿ ಹೇಳುವುದು ಮುಖ್ಯವಾಗಿ ಕ್ರಮದ ವಿಷಯ: ಯಾವುದನ್ನು ಮೊದಲು ಕೊಳ್ಳಬೇಕು, ಯಾಕೆ. ಉದಾಹರಣೆಗೆ 1938ನ್ನು ಆರಿಸಿದ್ದೇನೆ. ಅಮೆರಿಕ ಯುದ್ಧಕ್ಕಿಳಿದದ್ದು 1941ರ ಡಿಸೆಂಬರಿನಲ್ಲಿ. 1942ರಲ್ಲಿ ಐದು ಸೆಂಟಿನ ನಾಣ್ಯದ ಲೋಹ ಬದಲಾಯಿತು, 1943ರಲ್ಲಿ ಒಂದು ಸೆಂಟು ಉಕ್ಕಿನದಾಯಿತು. 1938ರಲ್ಲಿ ಲೋಹಗಳೆಲ್ಲ ಹಳೆಯ ಲೆಕ್ಕದವೇ. ಚಿನ್ನದ ನಾಣ್ಯ 1933ಕ್ಕೆ ನಿಂತಿತ್ತು, ಬೆಳ್ಳಿ ಡಾಲರ್ 1935ಕ್ಕೆ. ಆದ್ದರಿಂದ ಜೇಬಿಗೆ ಭಾರವಾಗುವ ದೊಡ್ಡ ನಾಣ್ಯಗಳು ಈ ಪಟ್ಟಿಯಲ್ಲಿ ಇಲ್ಲ.

## ಹಂತ 1: ಪಟ್ಟಿ ಬರೆದುಕೊಳ್ಳಿ, ಇಲ್ಲದವನ್ನೂ ಬರೆಯಿರಿ

ಆಗ ಮೂರು ಟಂಕಸಾಲೆಗಳು ನಾಣ್ಯ ಒತ್ತುತ್ತಿದ್ದವು: ಫಿಲಡೆಲ್ಫಿಯಾ, ಡೆನ್ವರ್, ಸ್ಯಾನ್ ಫ್ರಾನ್ಸಿಸ್ಕೊ. ಡೆನ್ವರಿನದಕ್ಕೆ ‘ಡಿ’, ಸ್ಯಾನ್ ಫ್ರಾನ್ಸಿಸ್ಕೊದ್ದಕ್ಕೆ ‘ಎಸ್’ ಗುರುತು. ಫಿಲಡೆಲ್ಫಿಯಾದ್ದಕ್ಕೆ ಗುರುತೇ ಇಲ್ಲ. ಬಳಕೆಗೆಂದು ಒತ್ತಿದವು ಒಟ್ಟು 14 (ಬೆಲೆಯ ಪಕ್ಕದಲ್ಲಿರುವುದು ನಾಣ್ಯದ ಚಿತ್ರಕ್ಕೆ ರೂಢಿಯಲ್ಲಿರುವ ಹೆಸರು):

- ಒಂದು ಸೆಂಟು, ಲಿಂಕನ್: ಗುರುತಿಲ್ಲದ್ದು, ಡಿ, ಎಸ್
- ಐದು ಸೆಂಟು, ಬಫಲೊ: ಡಿ ಮಾತ್ರ
- ಐದು ಸೆಂಟು, ಜೆಫರ್ಸನ್: ಗುರುತಿಲ್ಲದ್ದು, ಡಿ, ಎಸ್
- ಹತ್ತು ಸೆಂಟು, ಮರ್ಕ್ಯುರಿ ಡೈಮ್: ಗುರುತಿಲ್ಲದ್ದು, ಡಿ, ಎಸ್
- ಇಪ್ಪತ್ತೈದು ಸೆಂಟಿನ ಕ್ವಾರ್ಟರ್, ವಾಷಿಂಗ್ಟನ್: ಗುರುತಿಲ್ಲದ್ದು, ಎಸ್
- ಅರ್ಧ ಡಾಲರ್, ವಾಕಿಂಗ್ ಲಿಬರ್ಟಿ: ಗುರುತಿಲ್ಲದ್ದು, ಡಿ

ಇದರ ಕೆಳಗೆ ಇನ್ನೊಂದು ಸಾಲು ಬರೆದಿಟ್ಟುಕೊಳ್ಳಿ. 1938-ಡಿ ಕ್ವಾರ್ಟರ್ ಇಲ್ಲ. 1938-ಎಸ್ ಅರ್ಧ ಡಾಲರ್ ಇಲ್ಲ. ಡಿ ಬಿಟ್ಟು ಬೇರೆ ಗುರುತಿನ 1938ರ ಬಫಲೊ ಇಲ್ಲ. ‘ಪಿ’ ಅಕ್ಷರವಿರುವ 1938ರ ನಾಣ್ಯವೂ ಯಾವುದೂ ಇಲ್ಲ. ಆ ಅಕ್ಷರ ನಾಣ್ಯದ ಮೇಲೆ ಮೊದಲು ಬಂದದ್ದೇ 1942ರಲ್ಲಿ. ಇವುಗಳಲ್ಲಿ ಒಂದನ್ನು ಯಾರಾದರೂ ತೋರಿಸಿದರೆ ಮಾತು ಅಲ್ಲಿಗೇ ಮುಗಿಸಿ. ಅಂಥದ್ದನ್ನು ಮಾರುವವರ ಉಳಿದ ನಾಣ್ಯಗಳ ಗೊಡವೆಗೂ ಹೋಗಬೇಡಿ.

ಸಾಮಾನ್ಯ ತಪ್ಪು: ಮೂರು ಟಂಕಸಾಲೆಗಳಿವೆ, ಹಾಗಾದರೆ ಎಲ್ಲ ಬೆಲೆಯ ನಾಣ್ಯವೂ ಮೂರು ಮೂರು ಇರಬೇಕು ಎಂದುಕೊಂಡು ಇಲ್ಲದ ಕ್ವಾರ್ಟರಿಗೆ ತಿಂಗಳುಗಟ್ಟಲೆ ಹುಡುಕುವುದು.

## ಹಂತ 2: ಕೊಳ್ಳುವ ಮೊದಲು ಮೇಜಿನ ಮೇಲಿರಬೇಕಾದ್ದು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್, ಅಂದರೆ ಅಕ್ಕಸಾಲಿಗರು ಕಣ್ಣಿಗೆ ಒತ್ತಿ ಹಿಡಿಯುವ ಭೂತಗನ್ನಡಿ. ಗ್ರಾಮಿನ ನೂರನೇ ಭಾಗದವರೆಗೆ ತೋರಿಸುವ ಸಣ್ಣ ತಕ್ಕಡಿ. ವ್ಯಾಸ ಅಳೆಯಲು ಕ್ಯಾಲಿಪರ್. ಒಂದೇ ಬಲ್ಬಿನ ಮೇಜುದೀಪ. ಮೃದುವಾದ ದಪ್ಪ ಟವೆಲ್. ನಾಣ್ಯ ಕೈಜಾರಿದರೆ ಬೀಳುವುದು ಅದರ ಮೇಲೆ. ಒಂದು ನೋಟ್‌ಬುಕ್. ಇಷ್ಟು ಸಾಕು.

ತೂಕ, ವ್ಯಾಸ ಬಾಯಿಪಾಠ ಆಗಿರಲಿ. ಸೆಂಟು 3.11 ಗ್ರಾಂ, 19 ಮಿ.ಮೀ. ಐದು ಸೆಂಟು 5 ಗ್ರಾಂ, 21.2 ಮಿ.ಮೀ. ಡೈಮ್ 2.5 ಗ್ರಾಂ, 17.9 ಮಿ.ಮೀ. ಕ್ವಾರ್ಟರ್ 6.25 ಗ್ರಾಂ, 24.3 ಮಿ.ಮೀ. ಅರ್ಧ ಡಾಲರ್ 12.5 ಗ್ರಾಂ, 30.6 ಮಿ.ಮೀ.

ಡೈಮ್, ಕ್ವಾರ್ಟರ್, ಅರ್ಧ ಡಾಲರ್ ಮೂರರಲ್ಲೂ ಬೆಳ್ಳಿ 90 ಪಾಲು, ತಾಮ್ರ 10 ಪಾಲು. ಸೆಟ್ಟಿನ ಏಳು ಬೆಳ್ಳಿ ನಾಣ್ಯಗಳನ್ನು ಕೂಡಿಸಿದರೆ ಶುದ್ಧ ಬೆಳ್ಳಿ 40.5 ಗ್ರಾಂ ಆಗುತ್ತದೆ. ಆ ದಿನದ ಬೆಳ್ಳಿ ದರವನ್ನು ಇದಕ್ಕೆ ಗುಣಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಅದಕ್ಕಿಂತ ಕೆಳಗೆ ಯಾರಾದರೂ ಏಳನ್ನೂ ಕೊಡಲು ಬಂದರೆ ಖುಷಿಪಡಬೇಡಿ, ತಕ್ಕಡಿ ತೆಗೆಯಿರಿ. ನಿಜವಾದ ನಾಣ್ಯವನ್ನು ಬೆಳ್ಳಿಯ ಬೆಲೆಗಿಂತ ಅಗ್ಗಕ್ಕೆ ಕೊಡುವ ದರ್ದು ಯಾರಿಗೂ ಇಲ್ಲ.

## ಹಂತ 3: ಗುರುತು ಎಲ್ಲಿದೆ ಎಂದು ಕಣ್ಣಿಗೆ ಅಭ್ಯಾಸ ಮಾಡಿಸಿ

ಸೆಂಟಿನಲ್ಲಿ ಗುರುತು ಮುಂಭಾಗದಲ್ಲೇ, ಇಸವಿಯ ಕೆಳಗೆ. ಉಳಿದ ಎಲ್ಲದರಲ್ಲೂ ಹಿಂಭಾಗದಲ್ಲಿ. ಬಫಲೊದಲ್ಲಿ ‘ಫೈವ್ ಸೆಂಟ್ಸ್’ ಬರಹದ ಕೆಳಗೆ. ಜೆಫರ್ಸನ್‌ನಲ್ಲಿ ಮಾಂಟಿಚೆಲ್ಲೊ ಕಟ್ಟಡದ ಬಲಕ್ಕೆ, ಅಂಚಿನ ಹತ್ತಿರ. ಡೈಮಿನಲ್ಲಿ ಕಡ್ಡಿಗಳ ಕಟ್ಟಿನ ಬುಡಕ್ಕೆ ಎಡಗಡೆ, ‘ಒನ್’ ಪದ ಮುಗಿಯುವಲ್ಲಿ. ಕ್ವಾರ್ಟರಿನಲ್ಲಿ ಹದ್ದಿನ ಕೆಳಗಿನ ಎಲೆಗಳ ಮಾಲೆಯ ಕೆಳಗೆ. ಅರ್ಧ ಡಾಲರಿನಲ್ಲಿ ಎಡಭಾಗದ ಕೆಳಗೆ, ಬಂಡೆಯ ಮೇಲಿನ ಪೈನ್ ಸಸಿಯ ಬುಡದಲ್ಲಿ, ಅಂಚಿಗೆ ಅಂಟಿಕೊಂಡಂತೆ.

ಮಾರುವವರು ಮುಂಭಾಗದ ಫೋಟೊ ಮಾತ್ರ ಹಾಕಿ ‘1938-ಡಿ’ ಎಂದು ಬರೆದಿದ್ದರೆ, ಸೆಂಟು ಬಿಟ್ಟು ಬೇರೆ ಯಾವುದಕ್ಕೂ ಆ ಮಾತನ್ನು ನಂಬುವುದಕ್ಕಾಗುವುದಿಲ್ಲ. ಹಿಂಭಾಗದ ಫೋಟೊ ಕೇಳಿ. ಕಳಿಸಲು ಸತಾಯಿಸಿದರೆ ಬಿಟ್ಟುಬಿಡಿ.

## ಹಂತ 4: ಮೊದಲ ಖರೀದಿ 1938-ಡಿ ಅರ್ಧ ಡಾಲರ್

ಇಡೀ ಕೆಲಸದ ಕೀಲಿ ಇಲ್ಲಿದೆ. ಆ ವರ್ಷ ಫಿಲಡೆಲ್ಫಿಯಾದಲ್ಲಿ ಬಳಕೆಗೆ ಒತ್ತಿದ ಅರ್ಧ ಡಾಲರುಗಳು 41,10,000. ಡೆನ್ವರಿನಲ್ಲಿ ಒತ್ತಿದ್ದು ಬರೀ 4,91,600. ವಾಕಿಂಗ್ ಲಿಬರ್ಟಿ ಸರಣಿಯನ್ನು ಪೂರ್ತಿ ಮಾಡಹೊರಟವರಿಗೂ ಇದೇ ಬೇಕು, ನಿಮ್ಮ ಹಾಗೆ ವರ್ಷದ ಸೆಟ್ ಮಾಡುವವರಿಗೂ ಇದೇ ಬೇಕು. ಹಾಗಾಗಿ ತೀರಾ ಸವೆದು ನುಣುಪಾದದ್ದೂ ಬೆಳ್ಳಿಯ ಬೆಲೆಯನ್ನು ಮೀರಿಯೇ ಮಾರಾಟವಾಗುತ್ತದೆ.

ಇದನ್ನು ಮೊದಲು ಕೊಳ್ಳಬೇಕು ಎನ್ನುವುದಕ್ಕೆ ಹಣ ಒಂದೇ ಕಾರಣವಲ್ಲ. ಇದರಲ್ಲಿ ನಿಮ್ಮ ಶಕ್ತಿಗೆ ಎಟುಕುವ ದರ್ಜೆ ಯಾವುದೋ, ಉಳಿದ ಹದಿಮೂರರ ದರ್ಜೆಯೂ ಅದೇ ಆಗಬೇಕು. ಅಗ್ಗದವನ್ನು ಮೊದಲು ಕೊಂಡವರು ಹೊಳೆಯುವುದನ್ನೇ ಆರಿಸುತ್ತಾರೆ, ಸೆಂಟಿಗೆ ಅದು ಸುಲಭ. ಆಮೇಲೆ ಅದೇ ಹೊಳಪಿನ ಡೆನ್ವರ್ ಅರ್ಧ ಡಾಲರಿನ ಬೆಲೆ ಕೇಳಿ ಬೆಚ್ಚುತ್ತಾರೆ. ಕಟ್ಟಕಡೆಗೆ ಹದಿಮೂರು ಹೊಸ ನಾಣ್ಯಗಳ ಪಕ್ಕ ಒಂದು ಸವೆದದ್ದು ಬಂದು ಕೂರುತ್ತದೆ. ಆಲ್ಬಮ್ ತೆರೆದಾಗಲೆಲ್ಲ ಕಣ್ಣು ಅಲ್ಲಿಗೇ ಹೋಗುತ್ತದೆ.

ದರ್ಜೆ ಗುರುತಿಸಲು ಲಿಬರ್ಟಿಯ, ಅಂದರೆ ಮುಂಭಾಗದಲ್ಲಿ ನಡೆಯುತ್ತಿರುವ ಹೆಂಗಸಿನ, ನಿಲುವಂಗಿಯ ಗೆರೆಗಳನ್ನು ನೋಡಿ. ಸುಮಾರು ಅರ್ಧದಷ್ಟು ಗೆರೆಗಳು ಉಳಿದಿದ್ದರೆ ‘ವೆರಿ ಗುಡ್’. ಅಲ್ಲಲ್ಲಿ ಸವೆದರೂ ಎಲ್ಲ ಗೆರೆಗಳೂ ಕಾಣುತ್ತಿದ್ದರೆ ‘ಫೈನ್’. ಕಾಲಿನ ಭಾಗದಲ್ಲೂ ಗೆರೆಗಳು ಚೂಪಾಗಿದ್ದು, ಎದೆ ಮತ್ತು ತೋಳಿನಲ್ಲಿ ಮಾತ್ರ ಸ್ವಲ್ಪ ಸವಕಳಿ ಇದ್ದರೆ ‘ವೆರಿ ಫೈನ್’. ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು ವೆರಿ ಫೈನ್. ಚಿತ್ರ ಪೂರ್ತಿ ಕಾಣುತ್ತದೆ, ಜನರ ಕೈಯಲ್ಲಿ ಓಡಾಡಿದ ಬಣ್ಣವೂ ಇರುತ್ತದೆ, ಬೆಲೆಯೂ ಕೈಮೀರುವುದಿಲ್ಲ.

ಈ ಒಂದನ್ನು ಮಾತ್ರ ಪಿಸಿಜಿಎಸ್ ಅಥವಾ ಎನ್‌ಜಿಸಿ ಎಂಬ ನಾಣ್ಯ ಪರೀಕ್ಷಾ ಸಂಸ್ಥೆ ಪರೀಕ್ಷಿಸಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಕೊಟ್ಟದ್ದನ್ನೇ ಕೊಳ್ಳಿ. ಸಂಗ್ರಾಹಕರ ಮಾತಿನಲ್ಲಿ ಅದಕ್ಕೆ ‘ಸ್ಲ್ಯಾಬ್’ ಎನ್ನುತ್ತಾರೆ, ಬಿಡಿ ನಾಣ್ಯಕ್ಕೆ ‘ರಾ’ ಎನ್ನುತ್ತಾರೆ. ಗುರುತಿಲ್ಲದ ಫಿಲಡೆಲ್ಫಿಯಾ ನಾಣ್ಯಕ್ಕೆ ಡಿ ಅಂಟಿಸಿ ಮಾರುವುದು ಈ ನಾಣ್ಯದ ಹಳೆಯ ರೋಗ. ಸ್ಲ್ಯಾಬ್ ಮೇಲಿನ ಸಂಖ್ಯೆಯನ್ನು ಆ ಸಂಸ್ಥೆಯ ಜಾಲತಾಣದಲ್ಲಿ ಹಾಕಿ, ಅಲ್ಲಿ ಫೋಟೊ ಇದ್ದರೆ ನಾಣ್ಯದ ಗೀರು, ಕಲೆ ಒಂದೊಂದನ್ನೂ ಹೋಲಿಸಿ. ಖೋಟಾ ಸ್ಲ್ಯಾಬುಗಳೂ ಇವೆ. ಲೇಬಲ್ ಮೇಲೆ ‘ಡೀಟೇಲ್ಸ್’ ಎಂಬ ಪದ ಕಂಡರೆ ನಾಣ್ಯ ಅಸಲಿ, ಆದರೆ ತೊಳೆದದ್ದೋ ಪೆಟ್ಟಾದದ್ದೋ ಎಂದರ್ಥ. ಅದಕ್ಕೆ ಪೂರ್ತಿ ಬೆಲೆ ಕೊಡಬಾರದು.

ಬಿಡಿ ನಾಣ್ಯವನ್ನೇ ನೋಡಬೇಕಾಗಿ ಬಂದರೆ ಲೂಪ್‌ನಲ್ಲಿ ಡಿ ಅಕ್ಷರದ ಬುಡವನ್ನು ಸುತ್ತಲೂ ನೋಡಿ. ಅಸಲಿಯಲ್ಲಿ ಅಕ್ಷರ ನಾಣ್ಯದ ಮೈಯಿಂದಲೇ ಎದ್ದುಬಂದಂತೆ ಇರುತ್ತದೆ. ಅಂಟಿಸಿದ್ದರೆ ಬುಡದಲ್ಲಿ ಕೂದಲೆಳೆಯ ಸಂದು, ಸುತ್ತ ಬಣ್ಣದಲ್ಲಿ ವ್ಯತ್ಯಾಸ, ಉಜ್ಜಿ ಸಮ ಮಾಡಿದ ಗೀರು ಇವುಗಳಲ್ಲಿ ಒಂದಾದರೂ ಸಿಗುತ್ತದೆ.

## ಹಂತ 5: ತೊಳೆದ ನಾಣ್ಯವನ್ನು ಹಿಡಿಯುವುದು

ಜನ ಖೋಟಾ ನಾಣ್ಯಕ್ಕಿಂತ ಹೆಚ್ಚಾಗಿ ಮೋಸ ಹೋಗುವುದು ಇಲ್ಲಿ. ನಾಣ್ಯ ಅಸಲಿ, ತೂಕ ಸರಿ, ಇಸವಿ ಸರಿ. ಆದರೆ ಯಾರೋ ಹೊಳೆಯಲೆಂದು ತಿಕ್ಕಿಬಿಟ್ಟಿದ್ದಾರೆ. ಮೇಲ್ಮೈ ಒಮ್ಮೆ ಹೋದರೆ ಹೋಯಿತು.

ಕೋಣೆಯ ಬೇರೆ ದೀಪಗಳನ್ನೆಲ್ಲ ಆರಿಸಿ. ಮೇಜುದೀಪ ಒಂದೇ ಉರಿಯಲಿ. ನಾಣ್ಯದ ಅಂಚನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು, ಬೆಳಕಿಗೆ ಓರೆಯಾಗಿಸಿ ನಿಧಾನವಾಗಿ ತಿರುಗಿಸಿ. ಬಳಕೆಯಾಗದ ನಾಣ್ಯವಾದರೆ ಬೆಳಕು ಗಾಡಿ ಚಕ್ರದ ಕಡ್ಡಿಗಳ ಹಾಗೆ ಮಧ್ಯದಿಂದ ಅಂಚಿಗೆ ಹರಡಿ ಸುತ್ತುತ್ತದೆ. ಬಳಸಿ ಸವೆದದ್ದಾದರೆ ಎತ್ತರದ ಭಾಗಗಳು ತಿಳಿ ಬೂದು, ಅಕ್ಷರಗಳ ಸಂದು ಗಾಢ ಬೂದು. ತೊಳೆದದ್ದರಲ್ಲಿ ಇವೆರಡೂ ಇರುವುದಿಲ್ಲ. ಬೆಳಕು ಸುತ್ತುವುದಿಲ್ಲ, ಇಡೀ ಮೈ ಒಂದೇ ಸಮ ಬೆಳ್ಳಗೆ ಇರುತ್ತದೆ. ಒಂದು ನಿರ್ದಿಷ್ಟ ಓರೆಯಲ್ಲಿ ಸಣ್ಣ ಸಣ್ಣ ಗೀರುಗಳು ಒಂದೇ ದಿಕ್ಕಿಗೆ ಬಾಚಿದ ಕೂದಲಿನಂತೆ ಥಟ್ಟನೆ ಕಾಣುತ್ತವೆ, ಸ್ವಲ್ಪ ತಿರುಗಿಸಿದರೆ ಮಾಯವಾಗುತ್ತವೆ.

ನನ್ನ ಮೊದಲ 1938-ಎಸ್ ಕ್ವಾರ್ಟರನ್ನು ಫೋಟೊ ನೋಡಿಯೇ ಕೊಂಡಿದ್ದೆ. ಮಾರಿದವರು ‘ಮೂಲ ಹೊಳಪು’ ಎಂದು ಬರೆದಿದ್ದರು. ನಾಲ್ಕು ತಿಂಗಳ ಮೇಲೆ ಒಂದು ರಾತ್ರಿ ದೀಪದ ಕೆಳಗೆ ತಿರುಗಿಸುವಾಗ ವಾಷಿಂಗ್ಟನ್ನನ ಮುಖದ ಮುಂದಿನ ಖಾಲಿ ಜಾಗದಲ್ಲಿ ಆ ಗೀರುಗಳು ಕಂಡವು. ಮರಳಿಸುವ ಅವಧಿ ಅಷ್ಟರಲ್ಲಿ ಮುಗಿದಿತ್ತು. ಅಂದಿನಿಂದ ನಾಣ್ಯ ಮನೆಗೆ ಬಂದ ದಿನವೇ ದೀಪದ ಪರೀಕ್ಷೆ, ತೂಕ, ಅಳತೆ ಮೂರನ್ನೂ ಮುಗಿಸುತ್ತೇನೆ. ನೀವೂ ಮರಳಿಸುವ ಕೊನೆಯ ದಿನವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಸೆಂಟಿನಲ್ಲಿ ಬಣ್ಣವೇ ಸಾಕ್ಷಿ. ತಾಮ್ರ ಸಹಜವಾಗಿ ಕೆಂಪಿನಿಂದ ಕಂದಿಗೆ ತಿರುಗುತ್ತದೆ. ಎಂಬತ್ತು ವರ್ಷ ದಾಟಿದ ಸೆಂಟು ಸವೆದೂ ಇದೆ, ಜೊತೆಗೆ ಗುಲಾಬಿ ಛಾಯೆಯ ಕಿತ್ತಳೆ ಬಣ್ಣವೂ ಇದೆ ಎಂದರೆ ಅದನ್ನು ದ್ರಾವಣದಲ್ಲಿ ಅದ್ದಿದ್ದಾರೆ.

ನಮ್ಮ ಮನೆಗಳ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಹಿತ್ತಾಳೆಗೆ ಹುಣಸೆಹಣ್ಣು, ದೇವರ ಬೆಳ್ಳಿ ದೀಪಕ್ಕೆ ವಿಭೂತಿ ಹಾಕಿ ಉಜ್ಜುವುದು ನಮಗೆ ಚಿಕ್ಕಂದಿನಿಂದ ಬಂದ ರೂಢಿ. ಮನೆಯವರು ಪ್ರೀತಿಯಿಂದಲೇ ನಿಮ್ಮ ಕಪ್ಪಾದ ಡೈಮನ್ನು ಬೆಳಗಿಕೊಡಬಹುದು. ಆ ಕಪ್ಪು ಕೊಳೆಯಲ್ಲ, ಅದೇ ನಾಣ್ಯದ ಮೈ ಎಂದು ಮೊದಲೇ ಹೇಳಿಡಿ.

## ಹಂತ 6: ನಂತರದ ಕ್ರಮ

ಎರಡನೆಯದು 1938-ಎಸ್ ಕ್ವಾರ್ಟರ್. ಒತ್ತಿದ್ದು 28,32,000. ಕಣ್ಣಿಡಬೇಕಾದ್ದು ಕಿವಿಯ ಮೇಲಿನ ಕೂದಲು ಮತ್ತು ಹಿಂಭಾಗದಲ್ಲಿ ಹದ್ದಿನ ಎದೆಯ ಗರಿ. ಮೊದಲು ಸವೆಯುವುದು ಅವೇ. ಅದರ ಬೆನ್ನಿಗೇ ಫಿಲಡೆಲ್ಫಿಯಾದ ಕ್ವಾರ್ಟರ್ ಮತ್ತು ಅರ್ಧ ಡಾಲರ್ ಕೊಳ್ಳಿ. ಈ ನಾಲ್ಕು ದೊಡ್ಡ ಬೆಳ್ಳಿ ನಾಣ್ಯಗಳು ಒಂದೇ ಬಣ್ಣಕ್ಕೆ ಹೊಂದಿಕೊಂಡರೆ ಸೆಟ್ಟಿನ ಮುಖ ತೀರ್ಮಾನವಾದಂತೆ. ಆಗಲೇ ಕೊಂಡ ಅರ್ಧ ಡಾಲರನ್ನು ಅಂಗಡಿಗೆ ಒಯ್ದು, ಪಕ್ಕದಲ್ಲಿಟ್ಟು ಆರಿಸಿ. ನೆನಪಿನಲ್ಲಿ ಬೂದು ಬಣ್ಣಗಳನ್ನು ಹೋಲಿಸಲು ಯಾರಿಗೂ ಆಗುವುದಿಲ್ಲ.

ಮೂರನೆಯದಾಗಿ ಬಫಲೊ. ಇದು ತೊಡಕಿನದು, ಆದರೆ ಅಪರೂಪದ್ದಲ್ಲ. ಒತ್ತಿದ್ದು 70,20,000. ವಿನ್ಯಾಸದ ಕೊನೆಯ ವರ್ಷವಾದ್ದರಿಂದ ಜನ ಹೊಸದನ್ನೇ ಎತ್ತಿಟ್ಟುಕೊಂಡರು. ಹೀಗಾಗಿ ಸಿಗುವುದರಲ್ಲಿ ಹೊಳೆಯುವವೇ ಜಾಸ್ತಿ. ನಿಮ್ಮ ಸೆಟ್ಟಿಗೆ ಹೊಂದುವ, ಹದವಾಗಿ ಸವೆದದ್ದನ್ನು ಹುಡುಕಬೇಕು. ವೆರಿ ಫೈನ್ ಎನ್ನಬೇಕಾದರೆ ಪ್ರಾಣಿಯ ಕೊಂಬು ಪೂರ್ತಿ ಕಾಣಬೇಕು. ಹುಡುಕುವಾಗ ಲೂಪ್‌ನಲ್ಲಿ ಡಿ ಅಕ್ಷರವನ್ನು ಗಮನಿಸುತ್ತಿರಿ. ಕೆಲವದರಲ್ಲಿ ಡಿ ಅಡಿಯಲ್ಲಿ ಎಸ್ ಅಕ್ಷರದ ಉಳಿಕೆ ಕಾಣುತ್ತದೆ. ಸ್ಯಾನ್ ಫ್ರಾನ್ಸಿಸ್ಕೊಗೆಂದು ಎಸ್ ಹಾಕಿದ್ದ ಅಚ್ಚಿನ ಮೇಲೆಯೇ ಡಿ ಹೊಡೆದು ಡೆನ್ವರಿನಲ್ಲಿ ಬಳಸಿದ್ದರ ಕುರುಹು ಅದು. 14ರ ಸೆಟ್ಟಿಗೆ ಅದು ಬೇಕಾಗಿಲ್ಲ. ಸಾಧಾರಣ ಬೆಲೆಗೆ ಸಿಕ್ಕರೆ ಬಿಡಬೇಡಿ.

ಡೈಮುಗಳು ಮೂರೂ ಸುಲಭ. ಅಮೆರಿಕದಲ್ಲಿರುವವರು ನಾಣ್ಯದ ಅಂಗಡಿಯಲ್ಲಿ ಬೆಳ್ಳಿಯ ತೂಕಕ್ಕೆ ಮಾರುವ ಹಳೆಯ ಡೈಮುಗಳ ಡಬ್ಬಿ ಕೇಳಿ, ಕೂತು ಆರಿಸಿಕೊಳ್ಳಬಹುದು. ಕಡ್ಡಿಗಳ ಕಟ್ಟಿನ ಮಧ್ಯದ ಅಡ್ಡಪಟ್ಟಿಗಳು ಚಪ್ಪಟೆಯಾಗದೆ ಬೇರೆ ಬೇರೆಯಾಗಿ ಕಾಣುವುದನ್ನು ಎತ್ತಿಕೊಳ್ಳಿ.

## ಹಂತ 7: ಬ್ಯಾಂಕಿನ ರೋಲಿನಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ

ರೋಲು ಅಂದರೆ ಒಂದೇ ಬೆಲೆಯ ನಾಣ್ಯಗಳನ್ನು ಕಾಗದದಲ್ಲಿ ಸುತ್ತಿದ ಕಟ್ಟು. ಅದರಲ್ಲಿ ಬೆಳ್ಳಿ ಸಿಗುವುದಿಲ್ಲ ಎಂದೇ ಇಟ್ಟುಕೊಳ್ಳಿ. 1965ರಿಂದ ಡೈಮ್, ಕ್ವಾರ್ಟರುಗಳಲ್ಲಿ ಬೆಳ್ಳಿ ಬಿಟ್ಟ ಮೇಲೆ ಜನ ಹಳೆಯದನ್ನೆಲ್ಲ ಆರಿಸಿಕೊಂಡರು.

ಜೆಫರ್ಸನ್ ನಿಕಲ್, ಅಂದರೆ ಐದು ಸೆಂಟಿನ ನಾಣ್ಯದ ಕಥೆ ಬೇರೆ. 1938ರದಕ್ಕೂ ಇಂದಿನದಕ್ಕೂ ಲೋಹ ಒಂದೇ, 75 ಪಾಲು ತಾಮ್ರ, 25 ಪಾಲು ನಿಕಲ್. ಅದನ್ನು ಬಳಕೆಯಿಂದ ಎತ್ತಿಡಲು ಲೋಹದ ಆಸೆ ಯಾರಿಗೂ ಇರಲಿಲ್ಲ. ಹಾಗಾಗಿ ನ್ಯೂಜೆರ್ಸಿಯಲ್ಲೋ ಬೇ ಏರಿಯಾದಲ್ಲೋ ಇರುವ ಓದುಗರು ಬ್ಯಾಂಕಿನಿಂದ ನಿಕಲ್ ರೋಲು ತಂದು ಮಕ್ಕಳೊಂದಿಗೆ ಕೂತು ಹುಡುಕಬಹುದು. ಒಂದು ರೋಲಿನಲ್ಲಿ 40 ನಾಣ್ಯ, ಬೆಲೆ 2 ಡಾಲರ್. ಬೇಡವಾದದ್ದು ಅದೇ ಬೆಲೆಗೆ ವಾಪಸ್ಸು ಹೋಗುತ್ತದೆ. ಎಸ್ ಒತ್ತಿದ್ದು 41,05,000, ಡಿ 53,76,000. ಇವೆರಡಕ್ಕೆ ತಾಳ್ಮೆ ಬೇಕು. ಸೆಂಟಿನ ರೋಲಿನಲ್ಲಿ 50. ಹಿಂಭಾಗದಲ್ಲಿ ಎರಡು ಗೋಧಿ ತೆನೆ ಇರುವುದನ್ನು ಪಕ್ಕಕ್ಕಿಟ್ಟು ಆಮೇಲೆ ಇಸವಿ ನೋಡಿ.

ರೋಲಿನಲ್ಲಿ ಸಿಕ್ಕ ನಿಕಲ್ ಹೆಚ್ಚಾಗಿ ತೀರಾ ಸವೆದಿರುತ್ತದೆ. ಮಾಂಟಿಚೆಲ್ಲೊ ಕಂಬಗಳೆಲ್ಲ ಕರಗಿ ಒಂದಾಗಿದ್ದರೆ ಅದನ್ನು ಸೆಟ್ಟಿಗೆ ಹಾಕಬೇಡಿ, ಸಿಕ್ಕ ನೆನಪಿಗೆ ಬೇರೆ ಇಡಿ. ಒಳ್ಳೆಯದು ಅಂಗಡಿಯಲ್ಲಿ ಸ್ವಲ್ಪ ಹಣಕ್ಕೇ ಸಿಗುತ್ತದೆ.

ಭಾರತದಲ್ಲಿ ಕೂತು ತರಿಸುವವರು ಹಣ ಕಟ್ಟುವ ಮೊದಲು ಕೊರಿಯರ್‌ನವರು ನಾಣ್ಯ ಒಯ್ಯುತ್ತಾರೆಯೇ, ಕಸ್ಟಮ್ಸ್ ಸುಂಕ ಎಷ್ಟು ಬೀಳುತ್ತದೆ ಎರಡನ್ನೂ ಕೇಳಿ ಖಚಿತ ಮಾಡಿಕೊಳ್ಳಿ. ಬಿಲ್ಲಿನಲ್ಲಿ ಬೆಲೆ ಕಮ್ಮಿ ತೋರಿಸುತ್ತೇವೆ ಎಂದು ಮಾರುವವರು ಹೇಳಿದರೆ ಒಪ್ಪಬೇಡಿ. ಪಾರ್ಸೆಲ್ ಕಳೆದುಹೋದರೆ ವಿಮೆ ಸಿಗುವುದೂ ಆ ಸುಳ್ಳು ಬೆಲೆಗೇ.

## ಹಂತ 8: ಇಡುವುದು

ಮೆತ್ತಗಿನ, ಘಾಟು ವಾಸನೆಯ ಪ್ಲಾಸ್ಟಿಕ್ ಪೌಚು ಪಿವಿಸಿಯದು. ಅದರಲ್ಲಿಟ್ಟ ನಾಣ್ಯಕ್ಕೆ ಕೆಲವು ವರ್ಷಗಳಲ್ಲಿ ಹಸಿರು ಅಂಟು ಪದರ ಬರುತ್ತದೆ, ಬಿಟ್ಟರೆ ಅದು ಲೋಹವನ್ನು ತಿನ್ನುತ್ತದೆ. ಮೈಲಾರ್ ಎಂಬ ಪಾರದರ್ಶಕ ಹಾಳೆಯ ಕಿಟಕಿಯಿರುವ ರಟ್ಟಿನ ಹೋಲ್ಡರ್ ಅಥವಾ ಗಟ್ಟಿ ಕ್ಯಾಪ್ಸೂಲ್ ಬಳಸಿ. ಐದು ಬಗೆಯ ನಾಣ್ಯಕ್ಕೆ ಐದು ಅಳತೆ ಬೇಕು. ಡೈಮು ಸೆಂಟಿಗಿಂತ ಚಿಕ್ಕದು ಎನ್ನುವುದನ್ನು ಮರೆತು ಒಂದೇ ಅಳತೆ ತರಿಸುವವರು ಬಹಳ. ರಟ್ಟಿಗೆ ಪಿನ್ನು ಹೊಡೆದ ಮೇಲೆ ಪಿನ್ನಿನ ತುದಿಯನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ, ಇಲ್ಲದಿದ್ದರೆ ಪಕ್ಕದ ನಾಣ್ಯಕ್ಕೆ ಗೀಚುತ್ತದೆ. ನಾಣ್ಯ ತೆಗೆಯುವಾಗ ಮೊದಲು ಪಿನ್ನುಗಳನ್ನು ಪೂರ್ತಿ ಕಿತ್ತು ಆಮೇಲೆ ರಟ್ಟು ಬಿಡಿಸಿ.

ಹಸಿರು ಅಂಟು ಆಗಲೇ ಬಂದಿರುವ ಬೆಳ್ಳಿ ಅಥವಾ ನಿಕಲ್ ನಾಣ್ಯವನ್ನು ಗಾಜಿನ ಬಟ್ಟಲಲ್ಲಿ ಶುದ್ಧ ಅಸಿಟೋನಿನಲ್ಲಿ ಅದ್ದಿಡಬಹುದು. ಉಗುರುಬಣ್ಣ ತೆಗೆಯುವ ದ್ರವ ಬೇಡ, ಅದರಲ್ಲಿ ಬೇರೆ ಎಣ್ಣೆ, ಸುವಾಸನೆ ಬೆರೆತಿರುತ್ತದೆ. ಕಿಟಕಿ ತೆರೆದಿರಲಿ. ಹತ್ತಿರ ಒಲೆ, ದೀಪ, ಬೆಂಕಿಕಡ್ಡಿ ಯಾವುದೂ ಇರಕೂಡದು, ಅಸಿಟೋನ್ ಥಟ್ಟನೆ ಹೊತ್ತಿಕೊಳ್ಳುತ್ತದೆ. ಉಜ್ಜಬೇಡಿ. ತೆಗೆದು ಹೊಸ ಅಸಿಟೋನಿನಲ್ಲಿ ಮತ್ತೊಮ್ಮೆ ಅದ್ದಿ, ಹಾಗೆಯೇ ಆರಲು ಬಿಡಿ.

ಮಂಗಳೂರು, ಉಡುಪಿ, ಕಾರವಾರ, ಮಲೆನಾಡಿನಲ್ಲಿರುವವರು ಜೂನ್ ಬರುವ ಮೊದಲು ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ, ಮಳೆಗಾಲದಲ್ಲಿ ಎರಡು ಮೂರು ಬಾರಿ ಬದಲಿಸಿ. ಮರದ ಬೀರುವಿನಲ್ಲಿ ನುಸಿಗುಳಿಗೆ ಜೊತೆ ಇಡಬೇಡಿ. ಸೆಂಟುಗಳ ಮೇಲೆ ವಿಶೇಷ ಗಮನವಿರಲಿ, ತೇವಕ್ಕೆ ಮೊದಲು ಸೋಲುವುದು ತಾಮ್ರ.

## ಹಂತ 9: 14 ಮುಗಿದ ಮೇಲೆ ಮುಂದುವರಿಯುವವರಿಗೆ

ಎರಡು ದಾರಿಗಳಿವೆ. ಒಂದು, ಆ ವರ್ಷ ಫಿಲಡೆಲ್ಫಿಯಾದಲ್ಲಿ ಸಂಗ್ರಾಹಕರಿಗೆಂದೇ ಕನ್ನಡಿಯಂತೆ ಒತ್ತಿದ ಐದು ಪ್ರೂಫ್ ನಾಣ್ಯಗಳು. ಅವುಗಳಲ್ಲಿ ಎಲ್ಲಕ್ಕಿಂತ ಕಡಿಮೆ ಒತ್ತಿದ್ದು ಕ್ವಾರ್ಟರ್, 8,045. ಬಿಡಿಯಾಗಿ ಕೊಳ್ಳುವುದಾದರೆ ಅಲ್ಲಿಂದಲೇ ಶುರು ಮಾಡಿ. ಕಾರಣ ನಾಲ್ಕನೆಯ ಹಂತದ್ದೇ.

ಇನ್ನೊಂದು, ಸ್ಮಾರಕ ಅರ್ಧ ಡಾಲರುಗಳು. ಅರ್ಕನ್ಸಾ, ಬೂನ್, ಆರೆಗನ್ ಟ್ರೇಲ್, ಟೆಕ್ಸಸ್ ನಾಲ್ಕೂ 1938ರಲ್ಲಿ ಮೂರು ಟಂಕಸಾಲೆಗಳಿಂದಲೂ ಬಂದವು. ಇಲ್ಲಿ ಇಸವಿಯೇ ದಾರಿ ತಪ್ಪಿಸುತ್ತದೆ. ನ್ಯೂ ರೋಶೆಲ್ ನಾಣ್ಯದ ಮೇಲೆ 1938 ಎಂದಿದೆ, ಆದರೆ ಒತ್ತಿದ್ದು 1937ರಲ್ಲಿ. ಡೆಲವೇರ್ ನಾಣ್ಯದ ಒಂದು ಮುಖದಲ್ಲಿ 1638 ಮತ್ತು 1938, ಇನ್ನೊಂದು ಮುಖದಲ್ಲಿ 1936 ಇದೆ; ಅಧಿಕೃತ ಇಸವಿ 1936. ನಿಮ್ಮ ಸೆಟ್ಟಿಗೆ ನಾಣ್ಯದ ಮೇಲಿನ ಇಸವಿ ಲೆಕ್ಕವೋ ಒತ್ತಿದ ವರ್ಷ ಲೆಕ್ಕವೋ ಎಂದು ಕೊಳ್ಳುವ ಮೊದಲೇ ತೀರ್ಮಾನಿಸಿ, ಪಟ್ಟಿಯ ತಲೆಯಲ್ಲಿ ಬರೆದಿಡಿ.